ತ್ಯಾಗಮಯಿ ಎಂದುಬಿಟ್ಟರೆ ಸಾಲ ತೀರುತ್ತದೆಯೆ?

ಹುಲಿಕುಂಟೆ ಕಡೆಯ ಹಳ್ಳಿಗಳಲ್ಲಾಗಲಿ, ಮಧುಗಿರಿ, ಪಾವಗಡದ ಬಸ್ ಸ್ಟ್ಯಾಂಡಿನಲ್ಲಾಗಲಿ ಶ್ರದ್ಧಾಂಜಲಿಯ ಫ್ಲೆಕ್ಸುಗಳನ್ನು ನಿಂತು ಓದಿ ನೋಡಿ. ತೀರಿಕೊಂಡವರು ಗಂಡಸಾದರೆ ಹೆಸರಿನ ಕೆಳಗೆ ಅವರು ಮಾಡಿದ ಕೆಲಸವಿರುತ್ತದೆ: ನಿವೃತ್ತ ಶಿಕ್ಷಕರು, ಡೇರಿ ಮಾಜಿ ಅಧ್ಯಕ್ಷರು, ಗ್ರಾಮ ಪಂಚಾಯಿತಿ ಮಾಜಿ ಸದಸ್ಯರು, ಏನೂ ಸಿಗದಿದ್ದರೆ ಪ್ರಗತಿಪರ ರೈತರು. ಹೆಂಗಸಾದರೆ ಕೆಲಸದ ಜಾಗದಲ್ಲಿ ಗುಣ ಕೂತಿರುತ್ತದೆ: ಮಮತಾಮಯಿ, ತ್ಯಾಗಮಯಿ, ಕರುಣಾಮಯಿ. ಆಕೆ ಆಯುಷ್ಯವಿಡೀ ಆಸ್ಪತ್ರೆಯಲ್ಲಿ ನರ್ಸಾಗಿದ್ದಿರಬಹುದು. ರಾತ್ರಿ ಪಾಳಿ ಮುಗಿಸಿ ಬಂದು, ಹಾಸಿಗೆ ಹಿಡಿದ ಅತ್ತೆಯ ಮೈ ಒರೆಸಿ, ಮಗ್ಗುಲು ಬದಲಿಸಿ, ಆಮೇಲೆ ಮಕ್ಕಳಿಗೆ ಡಬ್ಬಿ ಕಟ್ಟಿದವಳಿರಬಹುದು. ಫ್ಲೆಕ್ಸಿನ ಪ್ರಕಾರ ಅವಳು ಏನನ್ನೂ ಮಾಡಿದವಳಲ್ಲ.

ಆ ಮೂರು ‘ಮಯಿ’ಗಳ ಮೇಲೆ ನನಗೆ ತಕರಾರಿದೆ. ಅವು ಸುಳ್ಳು ಎಂದಲ್ಲ. ಅವನ್ನು ಹೇಳಿ ಕೈತೊಳೆದುಕೊಳ್ಳುವುದು ನಮಗೆ ಬಹಳ ಅಗ್ಗವಾಗಿ ಬೀಳುತ್ತದೆ ಎಂದು. ಹೆಂಗಸಿನ ಆರೈಕೆ ಅಂದರೆ ಅದು ಅವಳ ಕರುಳಿನಿಂದ ತಾನಾಗಿ ಉಕ್ಕುವ ಪ್ರೀತಿ, ಅದಕ್ಕೆ ಬೆಲೆ ಕಟ್ಟಿದರೆ ಅವಮಾನ ಎಂಬ ನಂಬಿಕೆ ನಮ್ಮಲ್ಲಿ ಎಡಪಂಥ, ಬಲಪಂಥ, ಮಠ, ಸರ್ಕಾರ, ಕನ್ನಡ ಪತ್ರಿಕೆ ಎನ್ನದೆ ಎಲ್ಲರಲ್ಲೂ ಇದೆ. ಈ ನಂಬಿಕೆ ಎಷ್ಟು ಗಟ್ಟಿ ಎಂದು ತಿಳಿಯಬೇಕಾದರೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನು ನಾವು ನೆನೆಯುವ ರೀತಿಯನ್ನು ನೋಡಬೇಕು.

ನರಸಮ್ಮನವರು ಹುಟ್ಟಿದ್ದು 1920ರಲ್ಲಿ. ಹನ್ನೆರಡನೇ ವಯಸ್ಸಿಗೆ ಮದುವೆ. ಹನ್ನೆರಡು ಮಕ್ಕಳನ್ನು ಹೆತ್ತರು, ನಾಲ್ಕನ್ನು ಕಳೆದುಕೊಂಡರು. ಅಜ್ಜಿ ಮರಿಗೆಮ್ಮನ ಪಕ್ಕದಲ್ಲಿ ಕೂತು ಹೆರಿಗೆ ಮಾಡಿಸುವುದನ್ನು ಕಲಿತು, ಇಪ್ಪತ್ತರ ಹರೆಯದಲ್ಲಿ ತಾವೇ ಮೊದಲ ಕೂಸನ್ನು ಕೈಗೆ ತೆಗೆದುಕೊಂಡವರು ಸುಮಾರು ಎಪ್ಪತ್ತು ವರ್ಷ ಆ ಕೆಲಸ ಬಿಡಲಿಲ್ಲ. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

ಪತ್ರಿಕೆಗಳು ಬರೆದ ಲೆಕ್ಕ 15,000 ಹೆರಿಗೆ. ಈ ಅಂಕಿ ಎಲ್ಲ ಸುದ್ದಿಗಳಲ್ಲೂ ಬಂತು, ಎಲ್ಲ ಭಾಷಣಗಳಲ್ಲೂ ಬಂತು. ಅದರ ಬೆನ್ನಿಗೇ ‘ಉಚಿತವಾಗಿ’, ‘ಒಂದು ಬಿಡಿಗಾಸೂ ಮುಟ್ಟದೆ’ ಎಂಬ ಮಾತು. ಅಂಕಿಯನ್ನು ಯಾರೂ ಭಾಗಿಸಿ ನೋಡಲಿಲ್ಲ. ಎಪ್ಪತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಇನ್ನೂರ ಹದಿನಾಲ್ಕು. ಎರಡು ದಿನಕ್ಕೊಂದಕ್ಕಿಂತ ಹೆಚ್ಚು. ಬಸಿರು, ಬಾಣಂತನ, ಮೈಲಿ, ಮದುವೆ, ಬರಗಾಲ ಯಾವುದಕ್ಕೂ ರಜೆ ಹಿಡಿಯದೆ ಹಾಕಿದ ಲೆಕ್ಕ ಇದು. ಮೌಖಿಕ ಲೆಕ್ಕ, ಪುಸ್ತಕ ಇಟ್ಟವರಿಲ್ಲ, ಅರ್ಧಕ್ಕೆ ಇಳಿಸಿಯೇ ನೋಡೋಣ ಎನ್ನುವವರಿಗೂ ಅದು ತಾಲ್ಲೂಕು ಆಸ್ಪತ್ರೆಯ ಒಬ್ಬ ಪ್ರಸೂತಿ ವೈದ್ಯರ ಕೆಲಸಕ್ಕೆ ಹೋಲಿಸಬಹುದಾದ ಭಾರವೇ. ಇಷ್ಟು ದೊಡ್ಡ ದುಡಿಮೆಯ ಬಗ್ಗೆ ನಮಗೆ ಮುಖ್ಯವಾಗಿ ಕಂಡದ್ದು ಅದಕ್ಕೆ ದುಡ್ಡು ಕೊಟ್ಟಿರಲಿಲ್ಲ ಎಂಬುದು! ಪದ್ಮ ಪಟ್ಟಿಯಲ್ಲಿ ಕೇಂದ್ರ ಸರ್ಕಾರ ಅವರ ಹೆಸರನ್ನು ಸೇರಿಸಿದ್ದು ವೈದ್ಯಕೀಯ ವಿಭಾಗದಲ್ಲಿ. ಆ ಮಟ್ಟಿಗೆ ದಿಲ್ಲಿಯ ಗುಮಾಸ್ತರು ನಮ್ಮ ಭಾಷಣಕಾರರಿಗಿಂತ ವಾಸಿ. ನಾವು ಆಕೆಯನ್ನು ‘ಮಹಾತಾಯಿ’ ಎಂದು ಕರೆದು ವೈದ್ಯಕೀಯದಿಂದ ಹೊರಗೆ ತಂದು ಕೂರಿಸಿದೆವು.

ಸೂಲಗಿತ್ತಿಯ ಕೈ ಏನು ಮಾಡುತ್ತಿತ್ತು ಎಂಬುದನ್ನು ಕೊಂಚ ಹತ್ತಿರದಿಂದ ನೋಡೋಣ. ಕರೆ ಬಂದ ಮನೆಗೆ ಹೋದ ಕೂಡಲೇ ಅವಳು ಮೊದಲು ತೀರ್ಮಾನಿಸಬೇಕಾದ್ದು ಬೇನೆ ನಿಜವೋ ಸುಳ್ಳೋ ಎಂದು. ಅಂಗೈಗೆ ಹರಳೆಣ್ಣೆ ಸವರಿಕೊಂಡು ಹೊಟ್ಟೆಯ ಮೇಲೆ ಆಡಿಸುತ್ತಾಳೆ: ಮೇಲ್ಗಡೆ ಸಿಗುವುದು ಮೆತ್ತಗಿನ ಕುಂಡೆಯೋ ಗಟ್ಟಿ ತಲೆಯೋ, ಬೆನ್ನು ಯಾವ ಮಗ್ಗುಲಿಗಿದೆ, ತಲೆ ಇಳಿದಿದೆಯೋ ಇಲ್ಲ ಇನ್ನೂ ತೇಲುತ್ತಿದೆಯೋ. ನರ್ಸಿಂಗ್ ಕಾಲೇಜಿನಲ್ಲಿ ಇದೇ ಪರೀಕ್ಷೆಗೆ ಲಿಯೋಪೋಲ್ಡ್ ಎಂಬ ಜರ್ಮನ್ ವೈದ್ಯನ ಹೆಸರಿದೆ, ಪ್ರಾಕ್ಟಿಕಲ್‌ನಲ್ಲಿ ಅಂಕವಿದೆ. ಆಮೇಲೆ ಕಾಯುವುದು. ಈ ಕಾಯುವುದರಲ್ಲೇ ಅರ್ಧ ವಿದ್ಯೆ. ಅವಸರಕ್ಕೆ ಮುಕ್ಕು ಅಂದರೆ ಹರಿಯುತ್ತದೆ. ತಡವಾದರೆ ಕೂಸು ಕಪ್ಪಿಡುತ್ತದೆ. ತೊಲೆಗೆ ಕಟ್ಟಿದ ಹಗ್ಗ ಹಿಡಿದು ಕುಕ್ಕರಗಾಲಲ್ಲಿ ಕೂತ ಹುಡುಗಿಯ ಬೆನ್ನ ಹಿಂದೆ ಮಂಡಿಯೂರಿ, ‘ಈಗ ಬ್ಯಾಡ, ಉಸುರು ಬುಡು... ಹ್ಞೂ, ಈಗ’ ಎನ್ನುವ ಆ ‘ಈಗ’ವನ್ನು ಯಾವ ಗಡಿಯಾರವೂ ಹೇಳಿಕೊಡುವುದಿಲ್ಲ. ಕೂಸು ಬಂದರೂ ಕೆಲಸ ಮುಗಿಯಲಿಲ್ಲ. ಮಾಸು ಬೀಳಬೇಕು, ಪೂರ್ತಿ ಬಿತ್ತೋ ತುಣುಕು ಒಳಗುಳಿಯಿತೋ ಎಂದು ಅದನ್ನು ಹರಡಿ ನೋಡಬೇಕು, ಏಕೆಂದರೆ ಒಳಗುಳಿದ ಒಂದು ತುಣುಕು ಬಾಣಂತಿಯ ರಕ್ತವನ್ನೆಲ್ಲ ಹರಿಸಿಬಿಡಬಲ್ಲದು. ಮುಂದಿನ ದಿನಗಳಲ್ಲಿ ಬಂದು, ಕಾಲು ಚಾಚಿ ಕೂತು, ಮೊಣಕಾಲ ಕೆಳಗೆ ಎರಡು ಕಾಲುಗಳ ನಡುವೆ ಕೂಸನ್ನು ಬೋರಲು ಮಲಗಿಸಿ ನೀರು ಹಾಕುವುದು.

ಇದರಲ್ಲಿ ಕರುಣೆ ಎಲ್ಲಿದೆ? ಇರಬಹುದು, ಇರಲಿ. ಆದರೆ ಕರುಣೆ ಇದ್ದವರೆಲ್ಲ ಇದನ್ನು ಮಾಡಲಾರರು. ಆ ಹೊತ್ತಿನಲ್ಲಿ ಮನೆತುಂಬ ಕರುಣಾಮಯಿಗಳೇ ಇರುತ್ತಿದ್ದರು. ಹೆತ್ತವ್ವ, ಅತ್ತೆ, ನಾದಿನಿ, ಪಕ್ಕದ ಮನೆಯ ಅಜ್ಜಿ. ಆದರೂ ಲಾಟೀನು ಹಿಡಿದು ಕತ್ತಲಲ್ಲಿ ಕರೆಯಲು ಓಡುತ್ತಿದ್ದದ್ದು ಸೂಲಗಿತ್ತಿಯನ್ನು. ಊರಿಗೆ ಬೇಕಾಗಿದ್ದದ್ದು ಅವಳ ವಿದ್ಯೆ. ಹೊಗಳುವಾಗ ಮಾತ್ರ ಊರು ಅವಳ ಹೃದಯದ ಕಡೆ ಬೆರಳು ತೋರಿಸಿತು. ವಿದ್ಯೆ ಎಂದು ಒಪ್ಪಿದರೆ ಮುಂದಿನ ಪ್ರಶ್ನೆ ಬರುತ್ತದಲ್ಲ, ಕೂಲಿ ಎಷ್ಟು ಎಂದು.

ನಮ್ಮ ಹಳ್ಳಿಗಳಿಗೆ ಕೂಲಿ ಕೊಟ್ಟು ಗೊತ್ತಿರಲಿಲ್ಲ, ಆಗಿನ ಕಾಲವೇ ಹಾಗಿತ್ತು ಎಂಬ ಸಮಾಧಾನವೂ ನಿಲ್ಲುವುದಿಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ಊರಿಗೆ ಹನ್ನೆರಡು ಆಯಗಾರರಿದ್ದರು. ಬ್ರಿಟಿಷ್ ಅಧಿಕಾರಿ ವಿಲ್ಕ್ಸ್ 1810ರಲ್ಲಿ ಬರೆದ ಮೈಸೂರು ಇತಿಹಾಸದಲ್ಲೂ ಆ ಪಟ್ಟಿಯಿದೆ. ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕೆಲಸಿ, ಅಕ್ಕಸಾಲಿ. ಸುಗ್ಗಿಯ ಕಣದಲ್ಲಿ ರಾಶಿಗೆ ಪೂಜೆಯಾದ ಮೇಲೆ ಇವರಿಗೆಲ್ಲ ಆಯ ಅಳೆಯಬೇಕು. ಅದು ಭಿಕ್ಷೆಯಲ್ಲ, ಹಕ್ಕು. ಕೆರೆಯ ತೂಬು ಎತ್ತುವವನಿಗೆ ಆಯ, ಗಡ್ಡ ಕೆರೆಯುವವನಿಗೆ ಆಯ, ಗ್ರಹಗತಿ ಹೇಳುವವನಿಗೆ ಆಯ. ಆ ಹನ್ನೆರಡೂ ಮಂದಿಯನ್ನು ಭೂಮಿಗೆ ಇಳಿಸಿಕೊಂಡ ಸೂಲಗಿತ್ತಿ ಪಟ್ಟಿಯಲ್ಲಿಲ್ಲ. ಎಷ್ಟೋ ಕಡೆ ಕೆಲಸಿಯ ಹೆಂಡತಿಯೇ ಊರ ಹೆರಿಗೆಗಳನ್ನು ಮಾಡಿಸುತ್ತಿದ್ದಳು. ಕೊಳಗ ಅಳೆದದ್ದು ಗಂಡನ ಕ್ಷೌರಕ್ಕೆ. ಅವಳಿಗೆ ಮೊರದಲ್ಲಿ ಒಂದಷ್ಟು ಅಕ್ಕಿಯೋ ರಾಗಿಯೋ, ತೆಂಗಿನಕಾಯಿ, ಎಲೆ ಅಡಿಕೆ, ಸ್ಥಿತಿವಂತರಾದರೆ ರವಿಕೆ ಕಣ. ಕೊಟ್ಟರೆ ಕೊಟ್ಟರು, ಬಿಟ್ಟರೆ ಕೇಳುವ ಹಾಗಿಲ್ಲ.

ಈ ಕಥೆ ಕಣದಲ್ಲೇ ಮುಗಿದಿದ್ದರೆ ಹಳೆಯ ಕಾಲ ಎನ್ನಬಹುದಿತ್ತು. ಗ್ರಾಮಾಧಿಕಾರಗಳನ್ನು ರದ್ದು ಮಾಡುವ ಕಾಯಿದೆ ನಮ್ಮಲ್ಲಿ 1961ರಲ್ಲಿ ಬಂತು. ಅಧಿಕಾರ ಹೋಯಿತು, ಆದರೆ ಆ ಅಧಿಕಾರಕ್ಕೆ ಹೊಂದಿಕೊಂಡಿದ್ದ ಇನಾಂ ಜಮೀನನ್ನು ಹಿಂದಿನ ಹಕ್ಕುದಾರರಿಗೇ ಮರುಮಂಜೂರು ಮಾಡಿಕೊಡಲು ಅದೇ ಕಾಯಿದೆ ದಾರಿ ಮಾಡಿತು. ತಳವಾರಿಕೆ, ತೋಟಿ, ನೀರುಗಂಟಿ ಇನಾಮುಗಳ ಖಾತೆಗಳು ಇವತ್ತಿಗೂ ಕೋರ್ಟಿನಲ್ಲಿ ಓಡಾಡುತ್ತಿವೆ. ಸೂಲಗಿತ್ತಿಯ ಪಾಲಿಗೆ ರದ್ದಾಗಲು ಅಧಿಕಾರವಿರಲಿಲ್ಲ, ಮರುಮಂಜೂರಾಗಲು ಗುಂಟೆ ನೆಲವೂ ಇರಲಿಲ್ಲ. ಆದ್ದರಿಂದ ‘ಉಚಿತ’ ಎಂಬುದನ್ನು ಒಬ್ಬ ನರಸಮ್ಮನವರ ಔದಾರ್ಯ ಎಂದು ಮಾತ್ರ ಓದುವವರು ಊರಿನ ಲೆಕ್ಕದ ಪುಸ್ತಕವನ್ನು ಮುಚ್ಚಿಟ್ಟು ಮಾತಾಡುತ್ತಾರೆ.

‘ಅವರೇ ಬೇಡ ಅಂದರಲ್ಲ’ ಎಂಬ ಮಾತು ಇದೆ. ಈ ವಾದವನ್ನು ಹಗುರಾಗಿ ತಳ್ಳಲಾರೆ, ಏಕೆಂದರೆ ಅದು ನಿಜವಾಗಿಯೂ ಆಕೆಯ ಘನತೆಗೆ ಸಂಬಂಧಿಸಿದ್ದು. ಬೇಡ ಎನ್ನುವುದು ಅವರ ಹಿರಿತನ. ಆದರೆ ಬೇಡ ಎನ್ನಬೇಕಾದರೆ ಯಾರಾದರೂ ತಗೊಳ್ಳಿ ಎನ್ನಬೇಕಲ್ಲವೆ? ಊರು ಮುಂದಿಟ್ಟ ತಟ್ಟೆಯನ್ನು ಅವರು ಹಿಂದೆ ಸರಿಸಿದ್ದರೆ ಅದು ತ್ಯಾಗ. ತಟ್ಟೆಯನ್ನೇ ಇಡದ ಊರು ಆಮೇಲೆ ಬಂದು ‘ಎಂಥ ಉಪವಾಸ!’ ಎಂದು ಮೆಚ್ಚಿಕೊಂಡರೆ ಅದಕ್ಕೇನು ಹೇಳುವುದು? ಜೊತೆಗೆ, ಬೆಲೆ ಕಟ್ಟಿದರೆ ಪಾವಿತ್ರ್ಯ ಹೋಗುತ್ತದೆ ಎಂಬ ಭಯ ನಮಗೆ ಆಯ್ದ ಜಾಗಗಳಲ್ಲಿ ಮಾತ್ರ ಬರುತ್ತದೆ. ಅದೇ ಮನೆಯಲ್ಲಿ ಹನ್ನೊಂದನೇ ದಿನ ಪುರುಡು ಕಳೆಯಲು ಬಂದ ಪುರೋಹಿತರಿಗೆ ದಕ್ಷಿಣೆಯಿಲ್ಲದೆ ಕಳಿಸಿದರೆ ಕರ್ಮ ಪೂರ್ಣವಾಗುವುದಿಲ್ಲ. ದಕ್ಷಿಣೆ ತೆಗೆದುಕೊಂಡರೆ ಮಂತ್ರ ಕೆಡುವುದಿಲ್ಲ. ಕೂಲಿ ತೆಗೆದುಕೊಂಡರೆ ಹೆರಿಗೆ ಮಾಡಿಸಿದ ಕೈಯ ಮಮತೆ ಕೆಡುತ್ತದೆ! ರಕ್ತ, ಮಾಸು ಮುಟ್ಟಿದವಳಿಗೆ ಮೈಲಿಗೆ. ಮಗು ಹುಟ್ಟುವ ತನಕ ನಡುಮನೆಗೆ ಬಂದವಳು ಮಗು ಹುಟ್ಟಿದ ಮೇಲೆ ಹಿತ್ತಲಿನಿಂದ ಹೋಗಬೇಕು. ಆ ಹಿತ್ತಲ ದಾರಿಗೂ ಇವತ್ತಿನ ‘ಮಹಾತಾಯಿ’ ಎಂಬ ಬಿರುದಿಗೂ ನಡುವೆ ನಾವೇನೂ ಬದಲಾದಂತಿಲ್ಲ. ಎರಡೂ ಕಡೆ ಕೈಗೆ ಕಾಸು ಬೀಳಲಿಲ್ಲ.

ಇನ್ನೊಂದು ತಂಡವೂ ಇದೆ, ವಾಟ್ಸ್ಯಾಪಿನದು. ‘ನಮ್ಮಜ್ಜಿ ಮನೆಯಲ್ಲೇ ಹತ್ತು ಹೆತ್ತಳು, ಆಗ ಸಿಸೇರಿಯನ್ ಎಲ್ಲಿತ್ತು’ ಎಂದು ನರಸಮ್ಮನವರ ಫೋಟೋ ಹಾಕಿ ಆಸ್ಪತ್ರೆಗಳನ್ನು ಜರಿಯುವವರು. ಇವರೊಂದಿಗೆ ನನ್ನನ್ನು ಸೇರಿಸಬೇಡಿ. ನರಸಮ್ಮನವರೇ ಕಳೆದುಕೊಂಡ ನಾಲ್ಕು ಮಕ್ಕಳನ್ನು ಆ ಫಾರ್ವರ್ಡ್ ಮೆಸೇಜುಗಳು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊಕ್ಕುಳ ನಂಜಾಗಿ ಸತ್ತ ಕೂಸುಗಳು, ಮಾಸು ಬೀಳದೆ ರಕ್ತ ಹೋಗಿ ಸತ್ತ ಬಾಣಂತಿಯರು, ಅಡ್ಡ ತಿರುಗಿದ ಮಗುವನ್ನು ಹೊತ್ತು ಗಾಡಿಯಲ್ಲಿ ದಾರಿಯಲ್ಲೇ ಹೋದವರು ನಮ್ಮ ಬಯಲುಸೀಮೆಯ ಎಲ್ಲ ಮನೆತನಗಳಲ್ಲೂ ಇದ್ದಾರೆ. ಕರ್ನಾಟಕದಲ್ಲಿ 2004–06ರಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 213 ಇದ್ದ ತಾಯಂದಿರ ಸಾವು 2018–20ರ ಹೊತ್ತಿಗೆ 69ಕ್ಕೆ ಇಳಿದಿದೆ. ಆಸ್ಪತ್ರೆಯ ಹೆರಿಗೆ ಶೇಕಡ 97 ಮುಟ್ಟಿದೆ. ಈ ಇಳಿತಕ್ಕೆ ಕಾರಣವಾದ ರಕ್ತನಿಧಿ, ಆಂಬುಲೆನ್ಸ್, ಶಸ್ತ್ರಚಿಕಿತ್ಸೆಯ ಟೇಬಲ್ಲುಗಳನ್ನು ಹಳೆಯ ಕಾಲದ ವೈಭವಕ್ಕಾಗಿ ಬಲಿಕೊಡಲು ಸಾಧ್ಯವಿಲ್ಲ. ರಾಜ್ಯದಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಹೆರಿಗೆ ಸಿಸೇರಿಯನ್ ಆಗುತ್ತಿರುವುದು ಬೇರೆ ರೋಗ; ಅದಕ್ಕೆ ಔಷಧಿ ಕಾಯುವ ತಾಳ್ಮೆಯುಳ್ಳ, ತರಬೇತಾದ, ಸಂಬಳ ಪಡೆಯುವ ಸೂಲಗಿತ್ತಿಯರು. ಕೇಂದ್ರ ಸರ್ಕಾರ ಇಂಥ ಮಿಡ್‌ವೈಫ್ ನರ್ಸುಗಳನ್ನು ತಯಾರು ಮಾಡುವ ಮಾರ್ಗಸೂಚಿ ತಂದದ್ದು ನರಸಮ್ಮನವರು ತೀರಿಕೊಂಡ ವರ್ಷವೇ, 2018ರಲ್ಲಿ. ಅವರ ವಿದ್ಯೆ ವಿದ್ಯೆಯೇ ಎಂದು ಕಾಗದದ ಮೇಲೆ ಒಪ್ಪಲು ಅಷ್ಟು ಕಾಲ ಹಿಡಿಯಿತು.

ಹೆರಿಗೆ ಆಸ್ಪತ್ರೆಗೆ ಹೋಯಿತು ಸರಿ, ಬಸುರಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವವಳು ಯಾರು? 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಸಾವಿರ ಜನಕ್ಕೊಬ್ಬಳಂತೆ ‘ಆಶಾ’ ಬಂದಳು. ತಾಯಿ ಕಾರ್ಡ್ ಮಾಡಿಸುವುದು, ಕಬ್ಬಿಣದ ಮಾತ್ರೆ ನುಂಗಿಸುವುದು, ಬೇನೆ ಬಂದ ರಾತ್ರಿ 108ರಲ್ಲಿ ಹಿಂದಿನ ಸೀಟಿನಲ್ಲಿ ಕೂತು ಮಧುಗಿರಿಗೋ ಶಿರಾಕ್ಕೋ ಹೋಗುವುದು, ಅಲ್ಲಿಂದ ತುಮಕೂರಿಗೆ ರೆಫರ್ ಮಾಡಿದರೆ ಮತ್ತೆ ಅದೇ ಗಾಡಿ ಹತ್ತುವುದು, ಹೆರಿಗೆಯಾದ ಮೇಲೆ ಮನೆಗೆ ಹೋಗಿ ಕೂಸಿನ ತೂಕ ನೋಡುವುದು. ಇಷ್ಟೆಲ್ಲ ಮಾಡುವವಳನ್ನು ಸರ್ಕಾರ ನೌಕರಳು ಎನ್ನುವುದಿಲ್ಲ, ಕಾರ್ಯಕರ್ತೆ ಎನ್ನುತ್ತದೆ. ಅವಳಿಗೆ ಸಂಬಳವಿಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ ಇದೆ. ಹೆಸರು ಬದಲಾಗಿದೆ, ಮೊರ ಹಳೆಯದೇ. ಜನನಿ ಸುರಕ್ಷಾ ಯೋಜನೆಯಲ್ಲಿ ಹಳ್ಳಿಯ ಬಸುರಿಯೊಬ್ಬಳನ್ನು ಮೊದಲ ತಪಾಸಣೆಯಿಂದ ಹೆರಿಗೆಯ ತನಕ ನೋಡಿಕೊಂಡರೆ ಆಶಾಗೆ ಇರುವ ಮೊತ್ತ 600 ರೂಪಾಯಿ. ಅದೂ ಕಂಪ್ಯೂಟರಿನಲ್ಲಿ ಹೆಸರು ಸರಿಯಾಗಿ ಕೂತರೆ.

ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಭಾರತದ ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿ ಕೊಟ್ಟಿತು. ಮಂತ್ರಿಗಳು ಅಭಿನಂದನೆಯ ಟ್ವೀಟು ಹಾಕಿದರು. 2025ರ ಜನವರಿಯ ಚಳಿಯಲ್ಲಿ ಕರ್ನಾಟಕದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತು ತಿಂಗಳಿಗೆ ಹತ್ತು ಸಾವಿರದ ಭರವಸೆ ಪಡೆಯಬೇಕಾಯಿತು. ಆಗಲೂ ಕೇಳಿಬಂದ ಆಕ್ಷೇಪ ನೋಡಿ: ‘ಇವರಿಗೆ ಸೇವಾ ಮನೋಭಾವವೇ ಇಲ್ಲವಾಯಿತು.’ ಯೋಜನೆಗಳಡಿ ದುಡಿಯುವ ಈ ಹೆಂಗಸರನ್ನು ಕಾರ್ಮಿಕರೆಂದು ಒಪ್ಪಿ ಕನಿಷ್ಠ ವೇತನ ಕೊಡಿ ಎಂದು 45ನೇ ಭಾರತೀಯ ಕಾರ್ಮಿಕ ಸಮ್ಮೇಳನ ಶಿಫಾರಸು ಮಾಡಿದ್ದು 2013ರಲ್ಲಿ. ಸರ್ಕಾರದ್ದೇ ಪ್ರತಿನಿಧಿಗಳು ಕೂತಿದ್ದ ಸಮ್ಮೇಳನ ಅದು. ಪ್ರಶಸ್ತಿಗೆ ಸಿಕ್ಕ ಆತುರ ಆ ಶಿಫಾರಸಿಗೆ ಸಿಗಲಿಲ್ಲ.

ಮನೆಯೊಳಗಿನ ಲೆಕ್ಕ ಇದಕ್ಕಿಂತ ಕ್ರೂರ. ದೇಶದ ಸಮಯ ಬಳಕೆ ಸಮೀಕ್ಷೆ 2019ರಲ್ಲಿ ಕಂಡುಕೊಂಡ ಪ್ರಕಾರ ಮನೆಗೆಲಸದಲ್ಲಿ ತೊಡಗುವ ಹೆಂಗಸು ದಿನಕ್ಕೆ 299 ನಿಮಿಷ ಅದಕ್ಕೆ ಕೊಡುತ್ತಾಳೆ, ಗಂಡಸು 97. ಮಕ್ಕಳು, ಮುದುಕರು, ರೋಗಿಗಳ ಆರೈಕೆ ಬೇರೆ. 2001ರ ಜನಗಣತಿ ಈ ಗೃಹಿಣಿಯರನ್ನು ದುಡಿಯದವರ ಪಟ್ಟಿಗೆ ಸೇರಿಸಿ ಭಿಕ್ಷುಕರು, ಕೈದಿಗಳ ಸಾಲಿನಲ್ಲಿ ಕೂರಿಸಿತ್ತು. 2010ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿ ತೋರಿಸಿ ಛೀಮಾರಿ ಹಾಕಿತು. ಆದರೆ ಆ ಕೋರ್ಟಿನ ಮುಂದೆ ಪ್ರಶ್ನೆ ಬಂದದ್ದಾದರೂ ಯಾವಾಗ? ವಾಹನ ಅಪಘಾತದ ಪರಿಹಾರದ ಮೊಕದ್ದಮೆಯಲ್ಲಿ. 2021ರ ಜನವರಿಯಲ್ಲಿ ಅದೇ ಸಮೀಕ್ಷೆಯ 299 ನಿಮಿಷವನ್ನು ಉಲ್ಲೇಖಿಸಿ ಗೃಹಿಣಿಗೆ ಆದಾಯ ಕಟ್ಟಲೇಬೇಕೆಂದು ಹೇಳಿದ ತೀರ್ಪೂ ಅಪಘಾತದ್ದೇ. ಅಂದರೆ ಶಿರಾ ಹೆದ್ದಾರಿಯಲ್ಲಿ ಲಾರಿ ಗುದ್ದಿ ತಾಯಿ ಸತ್ತರೆ ಮಾತ್ರ ಅವಳ ದುಡಿಮೆಗೊಂದು ಅಂಕಿ ಸಿಗುತ್ತದೆ. ಹಾಸಿಗೆಯ ಮೇಲೆ ಸತ್ತರೆ ‘ಮಮತಾಮಯಿ’. ಮೋಟಾರು ವಾಹನ ಕಾಯಿದೆಯ ಪಟ್ಟಿಯಲ್ಲಿ ಆದಾಯವಿಲ್ಲದವರಿಗೆಂದು 1994ರಲ್ಲಿ ಹಾಕಿದ್ದ ಕಲ್ಪಿತ ವರಮಾನ ಬಲುಕಾಲ ಉಳಿದಿತ್ತು, ವರ್ಷಕ್ಕೆ 15,000 ರೂಪಾಯಿ. ನರಸಮ್ಮನವರ ಹೆರಿಗೆಗಳೂ ಹದಿನೈದು ಸಾವಿರ. ಕಾಕತಾಳೀಯವೇ ಇರಲಿ, ಓದುವಾಗ ಚುಚ್ಚುತ್ತದೆ.

ಇದಕ್ಕೆಲ್ಲ ದುಡ್ಡೆಲ್ಲಿಂದ ತರುವುದು, ತಾಯಿಗೂ ಬಾಡಿಗೆ ಕಟ್ಟುತ್ತೀರಾ ಎಂದು ಕೇಳುವವರನ್ನು ನಾನು ನರಸಮ್ಮನವರ ತಾಲ್ಲೂಕಿಗೇ ಕರೆದುಕೊಂಡು ಹೋಗುತ್ತೇನೆ. ಪಾವಗಡದ ತಿರುಮಣಿ, ವಳ್ಳೂರು ಸುತ್ತಿನ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆಯ ಮೇಲೆ ಸೋಲಾರ್ ಹಲಗೆಗಳು ಮಲಗಿವೆ. ಮಳೆ ಬಾರದ, ಕಡಲೆಕಾಯಿ ಕೈಕೊಟ್ಟ ನೆಲ. ಸರ್ಕಾರ ಅದನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಹಿಡಿಯಿತು: ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಕಾಲಕಾಲಕ್ಕೆ ಏರಿಕೆ ಬೇರೆ. ನೆಲವನ್ನು ನಾವು ಭೂತಾಯಿ ಎಂದೇ ಕರೆಯುತ್ತೇವೆ. ತಾಯಿಗೆ ಬಾಡಿಗೆ ಕೊಡುವುದೇ ಎಂದು ಆಗ ಒಬ್ಬರೂ ಮುಖ ಸಿಂಡರಿಸಲಿಲ್ಲ, ಬಿಸಿಲು ಉಚಿತ ತಾನೆ ಎಂದೂ ಕೇಳಲಿಲ್ಲ. ರೈತರು ಪಡೆದದ್ದು ನ್ಯಾಯವಾದ ದುಡ್ಡು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಹೊಲಗಳಲ್ಲಿ ಕಡಲೆಕಾಯಿ ಕಿತ್ತು, ಕಳೆ ತೆಗೆದು ಬದುಕುತ್ತಿದ್ದ ಭೂಮಿಯಿಲ್ಲದ ಕೂಲಿ ಹೆಂಗಸರ ಕೆಲಸ ಹೋಯಿತು. ಗುತ್ತಿಗೆ ಪಹಣಿ ಇದ್ದವರೊಂದಿಗೆ. ಆಯಗಾರರ ಪಟ್ಟಿ ಬರೆದವರೂ ಇವರ ಹೆಸರನ್ನು ಬಿಟ್ಟಿದ್ದರು, ಸೋಲಾರ್ ಕರಾರು ಬರೆದವರೂ ಬಿಟ್ಟರು. ಇನ್ನು ಮೇಲೆ ಡಿಸೆಂಬರ್ 25ಕ್ಕೆ ನರಸಮ್ಮನವರ ಫೋಟೋಕ್ಕೆ ಹಾರ ಹಾಕಲು ಯಾವ ಶಾಸಕರು, ಯಾವ ಅಧಿಕಾರಿಗಳು ಬಂದರೂ ಭಾಷಣಕ್ಕೆ ಮುಂಚೆ ತಮ್ಮ ತಾಲ್ಲೂಕಿನ ಆಶಾಗಳಿಗೆ ಹಿಂದಿನ ತಿಂಗಳು ಎಷ್ಟು ಜಮೆಯಾಗಿದೆ, ಎಷ್ಟು ಬಾಕಿಯಿದೆ ಎಂಬ ಪಟ್ಟಿಯನ್ನು ಮೈಕಿನಲ್ಲಿ ಓದಲಿ. ತ್ಯಾಗದ ಮಾತನ್ನು ಆಮೇಲೆ ಕೇಳುತ್ತೇವೆ.